ಊರಿನ ಹೆಸರೇ ಕೀಲಿಕೈ

ಬಂಟ್ವಾಳದ ಕಚೇರಿಯೊಂದರಲ್ಲಿ ಕೆಲವು ವರ್ಷ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಮೇಲಿನವರ ಒಪ್ಪಿಗೆ ಪಡೆದು ಒಮ್ಮೆ ಎಲ್ಲರ ಪಾಸ್‌ವರ್ಡ್ ಎಷ್ಟು ಗಟ್ಟಿ ಎಂದು ಪರೀಕ್ಷಿಸಿದೆ. ಬಳಸಿದ್ದು 'ಜಾನ್ ದ ರಿಪ್ಪರ್' ಎಂಬ ಮುಕ್ತ ತಂತ್ರಾಂಶ. ಇಂಗ್ಲಿಷ್ ಪದಪಟ್ಟಿಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ನಮ್ಮವರು ಜಾಣರು ಅಂದುಕೊಂಡೆ.

ಇಂಥ ಪರೀಕ್ಷೆ ಹೊಸತಲ್ಲ. 1979ರಲ್ಲಿ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 3,289 ಪಾಸ್‌ವರ್ಡ್‌ಗಳನ್ನು ಕಲೆಹಾಕಿ ನೋಡಿದರು. 2,831, ಅಂದರೆ ಶೇ. 86ರಷ್ಟು, ತೀರಾ ಚಿಕ್ಕವು ಇಲ್ಲವೇ ನಿಘಂಟಿನಲ್ಲೋ ಹೆಸರಿನ ಪಟ್ಟಿಯಲ್ಲೋ ಸಿಗುವಂಥವು. 1988ರಲ್ಲಿ ಇಂಟರ್ನೆಟ್‌ನಲ್ಲಿ ಹಬ್ಬಿದ ಹುಳು ಪಾಸ್‌ವರ್ಡ್ ಊಹಿಸಿಯೂ ಒಳನುಗ್ಗಿತು. ಬರೆದವನು ಇದೇ ಮಾರಿಸರ ಮಗ! 1991ರಲ್ಲಿ ಅಲೆಕ್ ಮಫೆಟ್ 'ಕ್ರ್ಯಾಕ್' ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. 1996ರಲ್ಲಿ 'ಸೋಲಾರ್ ಡಿಸೈನರ್' ಹೆಸರಿನ ರಷ್ಯನ್ ಒಬ್ಬರ ಜಾನ್ ಬಂತು. ಕಳ್ಳನಿಗೂ ಆಗುವ ಆಯುಧವನ್ನು ಬಯಲಲ್ಲಿ ಇಡಬಹುದೇ? ಅವನ ಬಳಿ ಅದು ಹೇಗೂ ಇರುತ್ತದೆ, ಕಾವಲುಗಾರನ ಬಳಿಯೂ ಇರಲಿ ಎನ್ನುವವನು ನಾನು.

ಪಾಸ್‌ವರ್ಡ್ ಕಂಪ್ಯೂಟರಿನಲ್ಲಿ ಇದ್ದಹಾಗೆ ಇರುವುದಿಲ್ಲ, ಅರೆದ ರೂಪದಲ್ಲಿರುತ್ತದೆ. ಅರೆದ ಚಟ್ನಿಯಿಂದ ತೆಂಗಿನಕಾಯಿ ಮರಳಿ ಸಿಗದು. ಜಾನ್ ತನ್ನ ಪಟ್ಟಿಯ ಒಂದೊಂದು ಪದವನ್ನೂ ಹಾಗೆಯೇ ಅರೆದು, ಎರಡೂ ಒಂದೇ ಆಯಿತೇ ಎಂದು ನೋಡುತ್ತದೆ. ಹಾಗಾಗಿ ಪಟ್ಟಿ ಯಾವ ಊರಿನದು ಎಂಬುದೇ ಮುಖ್ಯ.

ಮರುದಿನ ನಾನೇ ಪಟ್ಟಿ ಬರೆದೆ. ಪೊಳಲಿ, ಧರ್ಮಸ್ಥಳ, ಮಂಜುನಾಥ, ಪಂಜುರ್ಲಿ, ಗುಳಿಗ, ಮನೆತನದ ಹೆಸರುಗಳು, ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಹಿಂದೆ 123 ಅಥವಾ ಹುಟ್ಟಿದ ವರ್ಷ. ಬೆಳ್ತಂಗಡಿ, ಮೂಡಬಿದಿರೆಯಿಂದ ಬರುವವರೂ ಇದ್ದರಲ್ಲ, ಸಾವಿರ ಕಂಬದ ಬಸದಿಯ 1430, ವೇಣೂರಿನ ಗೊಮ್ಮಟನ 1604 ಕೂಡ ಸೇರಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಬಯಲಾಗಿದ್ದವು. ಒಂದು ನನ್ನದೇ: ವೇಣೂರು1604. ಇತಿಹಾಸ ಓದಿದ್ದರ ಫಲ.

2012ರಲ್ಲಿ ಡ್ರಾಪ್‌ಬಾಕ್ಸ್‌ನ ಡ್ಯಾನ್ ವೀಲರ್ ಪಾಸ್‌ವರ್ಡ್ ಅಳೆಯುವ ಮುಕ್ತ ತಂತ್ರಾಂಶವೊಂದನ್ನು ಹೊರತಂದರು. ಅದರ ಪಟ್ಟಿಯಲ್ಲಿ ಇಂಗ್ಲಿಷ್ ವಿಕಿಪೀಡಿಯದ ಪದಗಳು, ಅಮೆರಿಕದ ಹೆಸರುಗಳು, ಅಲ್ಲಿನ ಟಿವಿ, ಸಿನಿಮಾ ಮಾತುಗಳು. ಪೊಳಲಿಯನ್ನು ಕಾಣದ ಯಂತ್ರ ಅದನ್ನು ಇರುವುದಕ್ಕಿಂತ ಗಟ್ಟಿ ಎಂದೇ ಎಣಿಸುತ್ತದೆ. ಪಕ್ಕದ ಊರಿನ ಕಳ್ಳ ಹಾಗೆ ಎಣಿಸುವುದಿಲ್ಲ. ಕೋಡ್ ತೆರೆದೇ ಇರುವುದರಿಂದ ನಮ್ಮ ಪಟ್ಟಿಯನ್ನೂ ಅದಕ್ಕೆ ಸೇರಿಸಿದೆ.

ಎಲ್ಲರಿಗೂ ಪಾಸ್‌ವರ್ಡ್ ಬದಲಿಸಲು ಹೇಳಿದಾಗ ಹಿರಿಯ ಗುಮಾಸ್ತರೊಬ್ಬರು ಕೇಳಿದರು: "ಅಲ್ಲ ಮಾರಾಯ್ರೆ, ದೇವರ ಹೆಸರು ಬಿಟ್ಟರೆ ಈ ಪ್ರಾಯದಲ್ಲಿ ನನಗೆ ಬೇರೆ ಎಂಥ ನೆನಪಿರ್ತದೆ?" ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಆರಿಸಿ ಎಂದೆ. ಅವರು ಕಣ್ಣುಮುಚ್ಚಿ ಯೋಚಿಸಿ, ಕಾಗದದಲ್ಲಿ ಏನೋ ಬರೆದು, ನನಗೆ ತೋರಿಸದೆ ಜೇಬಿಗೆ ಹಾಕಿಕೊಂಡರು.