ಅಟ್ಟಕ್ಕೇರಿಸಿದವರು ಯಾರು?

‘ಓವರ್‌ರೇಟೆಡ್’ ಅನ್ನುವುದು ಈಗ ಹೆಚ್ಚುಕಡಿಮೆ ಕನ್ನಡ ಪದವೇ. ಸಿನಿಮಾ ಬಿಟ್ಟ ಮೇಲೆ ಥಿಯೇಟರಿನ ಮೆಟ್ಟಿಲಿಳಿಯುತ್ತ ಹುಡುಗರು ಆಡುವ ಮೊದಲ ಮಾತು ಅದು. ಹೆಸರಾದ ಹೋಟೆಲಿನ ಮುಂದೆ ಮುಕ್ಕಾಲು ಗಂಟೆ ಕಾದು ದೋಸೆ ತಿಂದು ಬಂದವರು ಕೈ ಒರೆಸಿಕೊಳ್ಳುತ್ತ ಹೇಳುವುದೂ ಅದನ್ನೇ. ಮೊದಲೆಲ್ಲ ‘ಬರೀ ಬಿಲ್ಡಪ್ಪು’ ಎಂದೋ ‘ಅಷ್ಟೇನಿಲ್ಲ ಕಣೋ’ ಎಂದೋ ಹೇಳುತ್ತಿದ್ದ ಕಡೆಗಳಲ್ಲಿ ಈ ಪದ ಬಂದು ಕೂತಿದೆ. ಕ್ರಿಕೆಟಿಗರು, ಕಾದಂಬರಿಗಳು, ಗಿರಿಧಾಮಗಳು, ಯಾವುದನ್ನೂ ಅದು ಬಿಟ್ಟಿಲ್ಲ.

ಆದರೆ ಈ ಪದ ಹಗಲಿರುಳು ದುಡಿದಿರುವುದು ರಾಕ್ ಸಂಗೀತ ಕೇಳುವವರ ಜಗಳಗಳಲ್ಲಿ. ಅದರಲ್ಲೂ ಒಂದು ಆಲ್ಬಂ ಇದೆ. ಅದರ ಮಾತು ಬಂದಲ್ಲೆಲ್ಲ ಈ ಪದವೂ ಬಂದೇ ಬರುತ್ತದೆ. 1967ರ ಬೇಸಿಗೆಯಲ್ಲಿ ಬೀಟಲ್ಸ್ ತಂದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’. ಅದನ್ನು ಸಾರ್ವಕಾಲಿಕ ಶ್ರೇಷ್ಠ ಎನ್ನುವವರು ಒಬ್ಬರಿದ್ದರೆ ಓವರ್‌ರೇಟೆಡ್ ಎನ್ನುವವರು ಪಕ್ಕದಲ್ಲೇ ಇರುತ್ತಾರೆ. ಎರಡೂ ಕಡೆಯವರು ಅರ್ಧ ಶತಮಾನ ದಾಟಿದರೂ ದಣಿದಿಲ್ಲ.

ಇಂಗ್ಲಿಷಿನಲ್ಲಿ ‘ರೇಟ್’ ಲೆಕ್ಕದ ಪುಸ್ತಕದಿಂದ ಬಂದ ಪದ. ಬೆಲೆ ಕಟ್ಟುವುದು, ಇಷ್ಟು ಪಾಲು ಎಂದು ಗೊತ್ತುಮಾಡುವುದು ಅದರ ಹಳೆಯ ಕೆಲಸ. ಮನೆ, ಜಾಗಗಳ ಮೇಲೆ ಹಾಕುವ ಊರಿನ ತೆರಿಗೆಗೆ ಇಂಗ್ಲೆಂಡಿನಲ್ಲಿ ‘ರೇಟ್ಸ್’ ಎಂದೇ ಹೆಸರಿತ್ತು. ಕನ್ನಡಕ್ಕೆ ಬಂದಾಗಲೂ ಅದು ‘ರೇಟು’ ಆಗಿ ಬೆಲೆಯ ಹತ್ತಿರವೇ ಉಳಿಯಿತು: ‘ಬೀನ್ಸ್ ಏನ್ ರೇಟಮ್ಮಾ?’ ಮಾರ್ಕೆಟ್ಟಿನಲ್ಲಿ ರೇಟು ಜಾಸ್ತಿ ಅನ್ನಿಸಿದರೆ ರೇಟು ಹೇಳಿದವಳು ಎದುರಿಗೇ ಕೂತಿರುತ್ತಾಳೆ. ಚೌಕಾಸಿ ಮಾಡಬಹುದು, ‘ನೀನೇ ಹೇಳಪ್ಪಾ’ ಎಂದು ಅವಳೂ ಕೇಳಬಹುದು. ಓವರ್‌ರೇಟೆಡ್ ಅನ್ನುವಾಗ ಆ ಕೂತವಳು ಕಾಣೆಯಾಗುತ್ತಾಳೆ. ಬೆಲೆ ಹೆಚ್ಚಾಗಿದೆ ಎಂಬುದಷ್ಟೇ ಉಳಿಯುತ್ತದೆ. ಕಟ್ಟಿದವರು ಯಾರು ಎಂಬುದಕ್ಕೆ ಆ ಪದದಲ್ಲಿ ಜಾಗವೇ ಇಲ್ಲ.

ನಮ್ಮ ಹಳೆಯ ಮಾತುಗಳಲ್ಲಿ ಆ ಜಾಗ ಇದೆ. ‘ಹೊಗಳಿ ಅಟ್ಟಕ್ಕೇರಿಸಿದರು’ ಎಂದರೆ ಏರಿಸಿದವರು ಇದ್ದೇ ಇರಬೇಕು. ‘ಹೊಗಳುಭಟ್ಟ’ ಎಂದರೆ ಬೈಗುಳ ಬೀಳುವುದು ಹೊಗಳಿದವನಿಗೆ. ‘ಹೊನ್ನಶೂಲಕ್ಕೇರಿಸುವುದು’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಅಲ್ಲಿ ಹೊಗಳಿಸಿಕೊಂಡವನಿಗೇ ನೋವು. ಬಸವಣ್ಣನವರ ವಚನದಿಂದ ನಮಗೆ ದಕ್ಕಿದ ಈ ಚಿತ್ರದಲ್ಲಿ ಚಿನ್ನದ್ದಾದರೂ ಶೂಲ ಶೂಲವೇ. ಅತಿ ಹೊಗಳಿಕೆಯ ತಪ್ಪನ್ನು ಹೊಗಳಿಸಿಕೊಂಡವರ ತಲೆಗೆ ಕಟ್ಟುವ ಅಭ್ಯಾಸ ಕನ್ನಡದ ಈ ಮಾತುಗಳಿಗಿಲ್ಲ. ಓವರ್‌ರೇಟೆಡ್ ಅನ್ನುವ ಪದ ಮಾಡುವುದು ಅದನ್ನೇ. ಯಾರೋ ಕೂಗಿದ ಬೆಲೆಗೆ ಹಾಡು ದಂಡ ತೆರುತ್ತದೆ.

ಸಾರ್ಜೆಂಟ್ ಪೆಪ್ಪರ್ ಕೂಗಿಸಿಕೊಂಡ ಬೆಲೆಗಳು ಸಣ್ಣವಲ್ಲ. ಇದು ಪಾಶ್ಚಾತ್ಯ ನಾಗರಿಕತೆಯ ಇತಿಹಾಸದಲ್ಲೇ ನಿರ್ಣಾಯಕ ಗಳಿಗೆ ಎಂಬ ಅರ್ಥದ ಮಾತನ್ನು ಆಡಿದವರು ಕೆನೆತ್ ಟೈನನ್, ಇಂಗ್ಲೆಂಡಿನ ಬಹು ದೊಡ್ಡ ನಾಟಕ ವಿಮರ್ಶಕ. ಮರುವರ್ಷ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿ ಬಂತು. ಯಾವ ರಾಕ್ ಆಲ್ಬಮ್ಮಿಗೂ ಅದುವರೆಗೆ ಅದು ಸಿಕ್ಕಿರಲಿಲ್ಲ. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 1987ರಲ್ಲಿ, 2003ರಲ್ಲಿ, 2012ರಲ್ಲಿ ಪಟ್ಟಿ ಮಾಡಿದಾಗಲೆಲ್ಲ ಒಂದನೆಯ ಸ್ಥಾನದಲ್ಲಿ ಇದನ್ನೇ ಕೂರಿಸಿತು. ಹುಟ್ಟುವ ಮೊದಲೇ ತೀರ್ಮಾನವಾಗಿದ್ದ ಆ ಒಂದನೆಯ ಸ್ಥಾನವನ್ನು ನೋಡಿಕೊಂಡು ಬೆಳೆದ ಹುಡುಗಿಯೊಬ್ಬಳು, ಹದಿನೇಳರ ವಯಸ್ಸಿನಲ್ಲಿ ಆಲ್ಬಂ ಹಾಕಿಕೊಂಡು, ಮುದುಕರಾದ ಮೇಲೂ ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳುವ ಆ ತಮಾಷೆಯ ಹಾಡನ್ನೂ, ಕೋಳಿ ಕೂಗಿನಿಂದ ಶುರುವಾಗುವ ಇನ್ನೊಂದನ್ನೂ ಕೇಳಿ ‘ಇದೇನಾ ಅದು?’ ಅಂದರೆ ಅವಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಓವರ್‌ರೇಟೆಡ್ ಅನ್ನುವ ಪದ ಆ ಗಳಿಗೆಯಲ್ಲಿ ಅವಳಿಗೆ ಬೇಕು. ಹಿರಿಯರ ಪಟ್ಟಿಯ ಕೆಳಗಿನಿಂದ ತಲೆಯೆತ್ತಿ ತನ್ನ ಕಿವಿಯಿಂದ ಕೇಳುವುದಕ್ಕೆ ಅದು ಕೊಡುವ ಧೈರ್ಯ ದೊಡ್ಡದು. ನನ್ನ ತಕರಾರು ಅವಳು ಅಲ್ಲೇ ನಿಂತುಬಿಟ್ಟರೆ ಮಾತ್ರ.

ಯಾಕೆಂದರೆ ಈ ಆಲ್ಬಂ ವಿಷಯದಲ್ಲಿ ಬೇಡ ಅಂದವರ ಚರಿತ್ರೆಯೇ ಬಹಳ ಸೊಗಸಾಗಿದೆ, ಮತ್ತು ಅವರಲ್ಲಿ ಒಳ್ಳೆಯವರು ಈ ಪದದ ಹತ್ತಿರ ನಿಲ್ಲಲಿಲ್ಲ. ಮೊದಲನೆಯವರು ರಿಚರ್ಡ್ ಗೋಲ್ಡ್‌ಸ್ಟೀನ್. 1967ರ ಜೂನ್‌ನಲ್ಲಿ, ಜಗತ್ತೆಲ್ಲ ಹಬ್ಬ ಮಾಡುತ್ತಿದ್ದಾಗ, ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಅವರು ಬರೆದ ವಿಮರ್ಶೆ ಈ ಆಲ್ಬಂ ಅತಿ ಮುದ್ದಿನಿಂದ ಕೆಟ್ಟ ಮಗುವಿನ ಹಾಗಿದೆ ಎಂದಿತು. ಆಗ ಅವರಿಗೆ ಇಪ್ಪತ್ಮೂರು ತುಂಬುವುದರಲ್ಲಿತ್ತು. ತುತ್ತೂರಿ, ಹಾರ್ಪ್, ಟೇಪಿನ ಕಸರತ್ತು, ಪ್ರಾಣಿಗಳ ಕೂಗು ಎಲ್ಲ ಸೇರಿ ಹಾಡನ್ನು ಮುಚ್ಚಿಹಾಕಿವೆ ಎಂಬುದು ಅವರ ದೂರು. ಆದರೆ ಕೊನೆಯ ಹಾಡು ‘ಎ ಡೇ ಇನ್ ದ ಲೈಫ್’ ಅನ್ನು ಅವರು ಬಿಡಿಯಾಗಿ ಎತ್ತಿಹಿಡಿದರು. ಪತ್ರಿಕೆಗೆ ಸಿಟ್ಟಿನ ಪತ್ರಗಳು ಬಂದವು. ತಮ್ಮ ಸ್ಟೀರಿಯೊ ಆಗ ಸರಿಯಿರಲಿಲ್ಲ ಎಂದು ಗೋಲ್ಡ್‌ಸ್ಟೀನ್ ಎಷ್ಟೋ ಕಾಲದ ಮೇಲೆ ಹೇಳಿಕೊಂಡರು. ಅದು ಗೊತ್ತಾದ ಮೇಲೂ ನನಗೆ ಆ ವಿಮರ್ಶೆ ಚಿಕ್ಕದಾಗಿ ಕಾಣುವುದಿಲ್ಲ. ಎಲ್ಲಿ ಅತಿಯಾಯಿತು, ಎಲ್ಲಿ ಆಗಲಿಲ್ಲ ಎಂದು ಬೆರಳಿಟ್ಟು ತೋರಿಸಿದ ಬರಹ ಅದು. ಒಪ್ಪದವರೂ ಅವರು ತೋರಿಸಿದ ಜಾಗಕ್ಕೆ ಮತ್ತೆ ಹೋಗಿ ಕೇಳಬೇಕಾಗುತ್ತದೆ.

ಎರಡನೆಯ ಬೇಡ ಬಂದದ್ದು ಮನೆಯೊಳಗಿನಿಂದಲೇ. ಸಾರ್ಜೆಂಟ್ ಪೆಪ್ಪರ್ ಅನ್ನು ಕಾನ್ಸೆಪ್ಟ್ ಆಲ್ಬಂ ಎಂದು ಕರೆಯುತ್ತಾರೆ, ಅಂದರೆ ಹಾಡುಗಳೆಲ್ಲ ಒಂದೇ ಎಳೆಗೆ ಪೋಣಿಸಿದ ಆಲ್ಬಂ. 1966ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೊನೆಯ ಕಛೇರಿ ಮುಗಿಸಿ, ಇನ್ನು ಊರೂರು ಸುತ್ತುವುದು ಸಾಕು ಎಂದುಕೊಂಡ ಮೇಲೆ, ಕೆನ್ಯಾದಿಂದ ಮರಳುವ ವಿಮಾನದಲ್ಲಿ ಪಾಲ್ ಮೆಕಾರ್ಟ್ನಿಗೆ ಹೊಳೆದದ್ದು ಈ ಎಳೆ: ನಾವು ಬೀಟಲ್ಸ್ ಅಲ್ಲವೇ ಅಲ್ಲ, ಬೇರೊಂದು ಬ್ಯಾಂಡು ಎಂದು ನಟಿಸಿ ಹಾಡಿದರೆ? ಜಾನ್ ಲೆನನ್ 1980ರ ಸಂದರ್ಶನವೊಂದರಲ್ಲಿ ಆ ಎಳೆಯನ್ನೇ ಕಿತ್ತುಹಾಕಿದರು. ಬ್ಯಾಂಡಿನ ಪರಿಚಯದ ಹಾಡು, ಬಿಲ್ಲಿ ಶಿಯರ್ಸ್ ಎಂಬ ಗಾಯಕನನ್ನು ಕರೆಯುವುದು, ಕೊನೆಗೆ ಅದೇ ಹಾಡು ಮರಳಿ ಬರುವುದು, ಇಷ್ಟು ಬಿಟ್ಟರೆ ಉಳಿದವು ಯಾವ ಆಲ್ಬಮ್ಮಿನಲ್ಲಿಯೂ ಇರಬಹುದಿತ್ತು, ತನ್ನ ಹಾಡುಗಳಿಗೂ ಆ ಕಲ್ಪನೆಗೂ ಸಂಬಂಧವಿಲ್ಲ ಎಂದರು. ಹದಿಮೂರು ಹಾಡುಗಳನ್ನು ಸಾಲಾಗಿ ಕೇಳಿದವರು ಇದನ್ನು ಅಲ್ಲಗಳೆಯುವುದು ಕಷ್ಟ. ಅಂದರೆ ‘ರಾಕ್‌ನ ಮಹಾ ಕಾನ್ಸೆಪ್ಟ್ ಆಲ್ಬಂ’ ಎಂಬ ಬಿರುದಿನಲ್ಲಿ ಅರ್ಧ ಗಾಳಿಯೇ. ಕಥೆ ಬೇಕಾದವರು ದ ಹೂ ತಂಡದ 1969ರ ‘ಟಾಮಿ’ಗೆ ಹೋಗಬೇಕು. ಒಬ್ಬ ಮನುಷ್ಯನ ಸುತ್ತ ಇಟ್ಟಿಗೆ ಇಟ್ಟಿಗೆಯಾಗಿ ಗೋಡೆ ಏಳುವುದನ್ನು ಕೇಳಬೇಕಾದವರು ಪಿಂಕ್ ಫ್ಲಾಯ್ಡ್‌ನ 1979ರ ‘ದ ವಾಲ್’ಗೆ ಹೋಗಬೇಕು. 2002ರಲ್ಲಿ ಆ ತಂಡದಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರಿಗೆ ಬಂದು ಹಾಡಿಹೋದದ್ದನ್ನು ನಮ್ಮಲ್ಲಿ ಇಂದಿಗೂ ಕಣ್ಣರಳಿಸಿ ಹೇಳುವವರಿದ್ದಾರೆ.

ಕೀತ್ ರಿಚರ್ಡ್ಸ್ 2015ರಲ್ಲಿ ಇಡೀ ಆಲ್ಬಮ್ಮನ್ನು ಕಸದ ಕಲಸುಮೇಲೋಗರ ಎಂಬ ಅರ್ಥದಲ್ಲಿ ಬೈದರು. ಅದೇ ಉಸಿರಿನಲ್ಲಿ ತಮ್ಮ ರೋಲಿಂಗ್ ಸ್ಟೋನ್ಸ್ ತಂಡ ಅದೇ 1967ರ ಕೊನೆಗೆ ತಂದ ಆಲ್ಬಮ್ಮನ್ನೂ ಅದೇ ಬುಟ್ಟಿಗೆ ಹಾಕಿದರು. ಆ ನ್ಯಾಯ ನನಗೆ ಹಿಡಿಸಿತು.

ಜಗಳವಾಡುವವರು ಕೇಳಿರುವುದು ಒಂದೇ ಆಲ್ಬಮ್ಮಾ ಎಂಬ ಪ್ರಶ್ನೆಯೂ ಇದೆ. ಬೀಟಲ್ಸ್ ನಾಲ್ವರೂ ಜೊತೆಗೆ ಕೂತು, ದಿನಗಟ್ಟಲೆ ತಿದ್ದಿ ತೀಡಿದ್ದು ಮೋನೊ ಮಿಶ್ರಣವನ್ನು. ಸ್ಟೀರಿಯೊ ಮಿಶ್ರಣವನ್ನು ಅವರಿಲ್ಲದೆಯೇ ಬೇಗ ಬೇಗ ಮುಗಿಸಲಾಯಿತು. ಮೋನೊದಲ್ಲಿ ‘ಶೀಸ್ ಲೀವಿಂಗ್ ಹೋಮ್’ ಸ್ವಲ್ಪ ವೇಗ, ಶ್ರುತಿಯೂ ಏರು. ಸ್ಟೀರಿಯೊದಲ್ಲಿ ಅದೇ ಹಾಡು ನಿಧಾನವಾಗಿ, ಹೆಚ್ಚು ಅಳುವಾಗಿ ಬರುತ್ತದೆ. ಮುಂದಿನ ಪೀಳಿಗೆಯ ಬಹುಪಾಲು ಕೇಳುಗರಿಗೆ ಸಿಕ್ಕಿದ್ದು ಆ ಅವಸರದ ಸ್ಟೀರಿಯೊ. 2017ರಲ್ಲಿ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಹೊಸದಾಗಿ ಮಿಶ್ರಣ ಮಾಡುವಾಗ ಮೋನೊವನ್ನೇ ದಾರಿದೀಪ ಮಾಡಿಕೊಂಡರು. ಹಾಗಾಗಿ ಒಬ್ಬರು ಹೊಗಳುವುದು ಒಂದನ್ನು, ಇನ್ನೊಬ್ಬರು ತೆಗಳುವುದು ಇನ್ನೊಂದನ್ನು ಆಗಿರುವುದು ಸಾಧ್ಯ. ಓವರ್‌ರೇಟೆಡ್ ಎಂಬ ಪದದ ಮುಂದೆ ಈ ಸಣ್ಣ ಸಂಗತಿಗಳು ಉಳಿಯುವುದಿಲ್ಲ.

ಎರಡನೆಯ ಬದಿಯ ಮೊದಲ ಹಾಡನ್ನೇ ತೆಗೆದುಕೊಳ್ಳಿ. ಜಾರ್ಜ್ ಹ್ಯಾರಿಸನ್ ಅವರ ‘ವಿದಿನ್ ಯೂ ವಿದೌಟ್ ಯೂ’. 1966ರಲ್ಲಿ ಅವರು ಭಾರತಕ್ಕೆ ಬಂದು ರವಿಶಂಕರ್ ಅವರ ಬಳಿ ಸಿತಾರ್ ಕಲಿತರು. ರವಿಶಂಕರ್ ಆಕಾಶವಾಣಿಗಾಗಿ ಮಾಡಿದ್ದ ಒಂದು ದೀರ್ಘ ರಚನೆ ಈ ಹಾಡಿಗೆ ಬೀಜವಾಯಿತು. ಐದು ನಿಮಿಷದ ಈ ಹಾಡಿನಲ್ಲಿ ಉಳಿದ ಮೂವರು ಬೀಟಲ್ಸ್ ಇಲ್ಲವೇ ಇಲ್ಲ. ದಿಲ್‌ರುಬಾ, ತಬಲಾ, ತಂಬೂರಿ ನುಡಿಸಿದವರು ಲಂಡನ್ನಿನಲ್ಲಿದ್ದ ಭಾರತೀಯ ಕಲಾವಿದರು. ಅವರ ಹೆಸರು ಆಲ್ಬಂ ಹೊದಿಕೆಯ ಮೇಲೆ ಬರಲಿಲ್ಲ. ಇದು ನನಗೆ ಇವತ್ತಿಗೂ ನೋಯುತ್ತದೆ. ಪಶ್ಚಿಮದ ಎಷ್ಟೋ ಕೇಳುಗರು ಸೂಜಿ ಎತ್ತಿ ದಾಟಿಸುತ್ತಿದ್ದ, ‘ಬೋರು’ ಎಂದು ಬೈಯುತ್ತಿದ್ದ ಹಾಡು ಇದೇ. ಧಾರವಾಡದ ಕಡೆ ಸಂಗೀತ ಕೇಳಿ ಬೆಳೆದ ಕಿವಿಗೆ ಅದೇ ಹಾಡು ಬೇರೆ ಥರ ತೆರೆದುಕೊಳ್ಳುತ್ತದೆ. ಖಮಾಜ್ ಥಾಟಿನ ನೆರಳು ಗೊತ್ತಾಗುತ್ತದೆ. ಗಾಯಕನ ಬೆನ್ನಿಗೇ ದಿಲ್‌ರುಬಾ ನಡೆಯುವುದು, ನಮ್ಮಲ್ಲಿ ಸಾರಂಗಿ ನಡೆಯುವ ರೀತಿ ಅದು. ನಡುವೆ ಹಾಡು ನಿಂತು ವಾದ್ಯಗಳಷ್ಟೇ ಉಳಿದಾಗ ಹದಿನಾರು ಮಾತ್ರೆಯ ತೀನ್‌ತಾಲ ಹತ್ತು ಮಾತ್ರೆಯ ಝಪ್‌ತಾಲಕ್ಕೆ ಹೊರಳುತ್ತದೆ. ಕೈ ತಾನಾಗಿ ತೊಡೆಯ ಮೇಲೆ ಎಣಿಸತೊಡಗುತ್ತದೆ. ಆಮೇಲೆ ದಿಲ್‌ರುಬಾ ಹೇಳಿದ್ದನ್ನು ಜಾರ್ಜ್ ಮಾರ್ಟಿನ್ ಬರೆದುಕೊಟ್ಟ ಪಿಟೀಲು, ಚೆಲ್ಲೊಗಳು ತಮ್ಮ ಬಾಯಲ್ಲಿ ಹೇಳಲು ನೋಡುತ್ತವೆ. ಸ್ವರದಿಂದ ಸ್ವರಕ್ಕೆ ಜಾರುವ ಆ ಮೀಂಡ್ ಅವಕ್ಕೆ ಪೂರ್ತಿ ಸಿಕ್ಕುವುದಿಲ್ಲ, ಆದರೂ ಬಿಡುವುದಿಲ್ಲ. ಬೋರು ಎಂದವರಿಗೆ ಇದನ್ನು ಕೂರಿಸಿಕೊಂಡು ಕೇಳಿಸಬೇಕು ಅನ್ನಿಸುತ್ತದೆ.

ಇನ್ನು ಗೋಲ್ಡ್‌ಸ್ಟೀನ್ ಕೂಡ ತಲೆಬಾಗಿದ ಕೊನೆಯ ಹಾಡು. 1967ರ ಫೆಬ್ರವರಿ 10ರಂದು ಲಂಡನ್ನಿನ ಆಬಿ ರೋಡ್ ಸ್ಟುಡಿಯೊಗೆ ನಲವತ್ತು ಮಂದಿ ಶಾಸ್ತ್ರೀಯ ವಾದಕರನ್ನು ಕರೆಸಿ, ಇಪ್ಪತ್ತನಾಲ್ಕು ಆವರ್ತಗಳ ಒಳಗೆ ನಿಮ್ಮ ವಾದ್ಯದ ತೀರ ಕೆಳಗಿನ ಸ್ವರದಿಂದ ಹತ್ತಿ ಮೇಲೆ ಮುಟ್ಟಿ, ಪಕ್ಕದವರನ್ನು ಕೇಳಿಸಿಕೊಳ್ಳಬೇಡಿ ಎಂದು ಹೇಳಲಾಯಿತು. ಜೀವನವಿಡೀ ಪಕ್ಕದವರ ಜೊತೆ ಸೇರಿ ನುಡಿಸುವುದನ್ನೇ ಕಲಿತವರಿಗೆ ಹಾಗೆ ಹೇಳುವುದೆಂದರೆ! ಅದರ ತುದಿಯಲ್ಲಿ ಬರುವ ಪಿಯಾನೊ ಸ್ವರಮೇಳ ಫೆಬ್ರವರಿ 22ರದ್ದು. ಲೆನನ್, ಮೆಕಾರ್ಟ್ನಿ, ರಿಂಗೊ ಸ್ಟಾರ್ ಮತ್ತು ಅವರ ಸಹಾಯಕ ಮಾಲ್ ಎವನ್ಸ್ ಬೇರೆ ಬೇರೆ ಪಿಯಾನೊಗಳ ಮೇಲೆ ಒಟ್ಟಿಗೇ ಕೈ ಇಳಿಸಿದರು. ಸದ್ದು ಕರಗುತ್ತ ಹೋದ ಹಾಗೆ ಎಂಜಿನಿಯರ್ ಜೆಫ್ ಎಮೆರಿಕ್ ಫೇಡರ್‌ಗಳನ್ನು ಮೇಲೆ ತಳ್ಳುತ್ತ ಹೋದರು. ನಲವತ್ತಕ್ಕೂ ಹೆಚ್ಚು ಸೆಕೆಂಡು. ಒಳ್ಳೆಯ ಹೆಡ್‌ಫೋನು ಹಾಕಿಕೊಂಡರೆ ಕೊನೆಕೊನೆಗೆ ಪಿಯಾನೊಕ್ಕಿಂತ ಆ ಕೋಣೆಯೇ ಹೆಚ್ಚು ಕೇಳುತ್ತದೆ: ಯಾರೋ ಕಿಂಚಿತ್ತು ಅಲುಗಿದ ಕಿರ್‍ ಎಂಬ ಸದ್ದು, ಗಾಳಿಯ ಹರಿದಾಟ. ಬೀಟಲ್ಸ್ ತಮ್ಮ ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು 1963ರಲ್ಲಿ ಒಂದೇ ದಿನ ಹಾಡಿ ಮುಗಿಸಿದ್ದರು. ಇದಕ್ಕೆ ತೆಗೆದುಕೊಂಡದ್ದು ಸುಮಾರು 700 ಗಂಟೆ, ಅದೂ ನಾಲ್ಕೇ ಟ್ರ್ಯಾಕಿನ ಯಂತ್ರಗಳಲ್ಲಿ. ಆ ಗಂಟೆಗಳು ಎಲ್ಲಿ ಹೋದವು ಎಂಬುದು ಈ ಸೆಕೆಂಡುಗಳಲ್ಲಿ ಗೊತ್ತಾಗುತ್ತದೆ.

ಪದದ ಕಥೆ ಈ ನಡುವೆ ಮುಂದಕ್ಕೆ ಹೋಗಿದೆ. 2004ರಲ್ಲಿ ಜಿಮ್ ಡಿರೊಗಾಟಿಸ್ ಮತ್ತು ಕಾರ್ಮೆಲ್ ಕ್ಯಾರಿಲ್ಲೊ ಸಂಪಾದಿಸಿದ ‘ಕಿಲ್ ಯುವರ್ ಐಡಲ್ಸ್’ ಎಂಬ ಪುಸ್ತಕದಲ್ಲಿ ಕಿರಿಯ ಲೇಖಕರು ಮಹಾ ಆಲ್ಬಮ್ಮುಗಳನ್ನೆಲ್ಲ ಒಂದೊಂದಾಗಿ ಅಟ್ಟದಿಂದ ಇಳಿಸಿದರು. ಸಾರ್ಜೆಂಟ್ ಪೆಪ್ಪರ್ ಇಳಿದವುಗಳಲ್ಲೊಂದು. 2020ರಲ್ಲಿ ರೋಲಿಂಗ್ ಸ್ಟೋನ್ ಹೊಸ ಪಟ್ಟಿ ಮಾಡಿದಾಗ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಮೊದಲನೆಯದಾಯಿತು, ಪೆಪ್ಪರ್ 24ಕ್ಕೆ ಹೋಯಿತು. ಆಲ್ಬಮ್ಮಿನ ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾದದ್ದು ಮತ ಹಾಕಿದವರು. ಅವರಲ್ಲಿ ಕಿರಿಯರು ಹೆಚ್ಚಾದರು, ಸೋಲ್ ಮತ್ತು ಹಿಪ್-ಹಾಪ್ ಕೇಳಿ ಬೆಳೆದವರು ಹೆಚ್ಚಾದರು, ಅದು ಆಗಬೇಕಾದದ್ದೇ ಆಗಿತ್ತು. ಈಗ ಕೆಲವರು ಇದನ್ನು ‘ಅಂಡರ್‌ರೇಟೆಡ್’ ಎನ್ನತೊಡಗಿದ್ದಾರೆ. ಆ ಪದದ ಮೇಲೂ ನನಗೆ ಅಷ್ಟೇ ಅನುಮಾನ.

ನನ್ನನ್ನು ಕೇಳಿದರೆ ಹಾಡಿಗೆ ಹಾಡು ಇಟ್ಟು ನೋಡಿದಾಗ 1966ರ ‘ರಿವಾಲ್ವರ್’ ಇದಕ್ಕಿಂತ ಗಟ್ಟಿ. ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’, ‘ಪೆನ್ನಿ ಲೇನ್’ ಎರಡೂ ಪೆಪ್ಪರ್‌ಗೆಂದೇ ಶುರುವಾದ ಕೆಲಸದಲ್ಲಿ ಹುಟ್ಟಿದವು. ಅವಸರಕ್ಕೆ ಬಿಡಿ ರೆಕಾರ್ಡಾಗಿ ಹೊರಟು ಆಲ್ಬಮ್ಮಿನಿಂದ ತಪ್ಪಿಹೋದವು. ಅದು ತಾನು ಮಾಡಿದ ದೊಡ್ಡ ತಪ್ಪು ಎಂದು ಜಾರ್ಜ್ ಮಾರ್ಟಿನ್ ಮುಂದೆ ಮರುಗಿದರು. ಅವೆರಡೂ ಒಳಗಿದ್ದು ಆ ಕೋಳಿ ಕೂಗಿನ ಹಾಡು ಹೊರಗಿದ್ದಿದ್ದರೆ ರಿವಾಲ್ವರ್ ಪರವಾಗಿ ನಾನು ಇಷ್ಟು ಸಲೀಸಾಗಿ ಮಾತಾಡುತ್ತಿರಲಿಲ್ಲ. ಇದನ್ನು ಒಪ್ಪದವರು ಯಾವ ಹಾಡು, ಯಾವ ನಿಮಿಷ ಎಂದು ಹೇಳಲಿ. ನಾನು ಮತ್ತೆ ಹಾಕಿ ಕೇಳುತ್ತೇನೆ.