ಕೀಟಗಳು ಕಡಿಮೆಯಾದರೆ ಮಣ್ಣಿಗೇನಾಗುತ್ತೆ? ಸಗಣಿ ಹುಳು, ಗೆದ್ದಲು ಮಾಡುವ ಕೆಲಸ ಗೊತ್ತಾ?

ಕೋಲ್ಕತ್ತ: ಇಲ್ಲಿನ ಲೇಕ್ ಗಾರ್ಡನ್ಸ್ ರೈಲು ನಿಲ್ದಾಣದ ಪಕ್ಕದಲ್ಲೇ ರವೀಂದ್ರ ಸರೋವರವಿದೆ. 1920ರ ದಶಕದಲ್ಲಿ ಅಗೆದು ಮಾಡಿದ ಈ ಕೆರೆಯ ನೀರಿನ ಹರವು ಸುಮಾರು 73 ಎಕರೆ. ಬೆಳಗ್ಗೆ ವಾಕಿಂಗ್‌ಗೆ ಬರುವವರ ಕಣ್ಣಿಗೆ ಬೀಳುವುದು ನೀರು, ಮರ, ಹಕ್ಕಿ. ಮರದಡಿ ಬಿದ್ದ ತರಗೆಲೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ.

ಅದನ್ನು ಮಣ್ಣಾಗಿಸುವ ಕೆಲಸದಲ್ಲಿ ಕೀಟಗಳ ಪಾಲು ದೊಡ್ಡದು. ಜೀರುಂಡೆ, ಗೆದ್ದಲು, ನೊಣದ ಮರಿಹುಳುಗಳು ಎಲೆಯನ್ನು ಚೂರು ಮಾಡುತ್ತವೆ. ಚೂರಾದ ಎಲೆಗೆ ಶಿಲೀಂಧ್ರ, ಬ್ಯಾಕ್ಟೀರಿಯಾ ಬೇಗ ಹತ್ತಿಕೊಂಡು, ಅದರಲ್ಲಿನ ಸಾರಜನಕ, ರಂಜಕ ಮತ್ತೆ ಬೇರಿಗೆ ಸಿಗುತ್ತವೆ. ಕೀಟ ಇಲ್ಲದಿದ್ದರೆ ಎಲೆ ಕೊಳೆಯದೇ ಇರುವುದಿಲ್ಲ, ಆದರೆ ತುಂಬಾ ನಿಧಾನ. (ಎರೆಹುಳುವೂ ಇದೇ ಕೆಲಸ ಮಾಡುತ್ತದೆ, ಆದರೆ ಅದು ಕೀಟವಲ್ಲ!)

ಕೀಟಗಳು ನಿಜಕ್ಕೂ ಕಡಿಮೆಯಾಗಿವೆಯೇ?

ಜರ್ಮನಿಯ 63 ಸಂರಕ್ಷಿತ ಪ್ರದೇಶಗಳಲ್ಲಿ 1989ರಿಂದ 2016ರವರೆಗೆ ಬಲೆಗೆ ಬಿದ್ದ ಹಾರುವ ಕೀಟಗಳನ್ನು ತೂಕ ಮಾಡಲಾಗಿತ್ತು. 27 ವರ್ಷಗಳಲ್ಲಿ ತೂಕ ಶೇ 75ಕ್ಕೂ ಹೆಚ್ಚು ಇಳಿದಿತ್ತು. 2017ರಲ್ಲಿ ಈ ವರದಿ ಬಂದಾಗ ಜಗತ್ತೇ ಬೆಚ್ಚಿತು. ಹಾರುವ ಕೀಟಕ್ಕೂ ಮಣ್ಣಿಗೂ ಏನು ಸಂಬಂಧ ಅನ್ನಬೇಡಿ. ಎಷ್ಟೋ ಜೀರುಂಡೆ, ನೊಣಗಳ ಮರಿಹುಳುಗಳು ಬೆಳೆಯುವುದು ಮಣ್ಣಿನಲ್ಲೇ.

ಭಾರತದಲ್ಲಿ ಇಷ್ಟು ದೀರ್ಘ ಕಾಲದ ತೂಕದ ಲೆಕ್ಕ ಅಪರೂಪ. ಲೇಕ್ ಗಾರ್ಡನ್ಸ್‌ಗೆ ದೂರವಲ್ಲದ ನ್ಯೂ ಅಲಿಪುರದಲ್ಲಿ 1916ರಲ್ಲಿ ಶುರುವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಕೇಂದ್ರ ಕಚೇರಿಯಿದೆ. ಯಾವ ಕೀಟ ಎಲ್ಲಿ ಸಿಕ್ಕಿತು ಎಂಬ ದಾಖಲೆ ಇಂಥ ಸಂಗ್ರಹಗಳಿಂದ ಸಿಗುತ್ತದೆ. ಎಷ್ಟು ಕಡಿಮೆಯಾಯಿತು ಎಂದು ತಿಳಿಯಲು ಮಾತ್ರ ಒಂದೇ ಜಾಗದಲ್ಲಿ ವರ್ಷವರ್ಷವೂ ಎಣಿಸಬೇಕು.

ಸಗಣಿ ಕರಗದ ದೇಶ

ಕೀಟ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಆಸ್ಟ್ರೇಲಿಯಾ ಕಣ್ಣಾರೆ ಕಂಡಿದೆ. ಯುರೋಪಿನವರು ಅಲ್ಲಿಗೆ ದನ ತಂದರು. ಅಲ್ಲಿನ ಸಗಣಿ ಹುಳುಗಳಿಗೆ ಗೊತ್ತಿದ್ದದ್ದು ಕಾಂಗರೂವಿನ ಒಣ ಹಿಕ್ಕೆ. ದನದ ಸಗಣಿ ತಿಂಗಳುಗಟ್ಟಲೆ ಹಾಗೇ ಬಿದ್ದು ಹುಲ್ಲು ಮುಚ್ಚಿತು, ನೊಣ ಹೆಚ್ಚಿತು. ಕೊನೆಗೆ 1960ರ ದಶಕದಿಂದ ಆಫ್ರಿಕಾ, ಯುರೋಪಿನಿಂದ 40ಕ್ಕೂ ಹೆಚ್ಚು ಜಾತಿಯ ಸಗಣಿ ಹುಳುಗಳನ್ನು ತಂದು ಬಿಡಬೇಕಾಯಿತು. ನಮ್ಮಲ್ಲಿ ಈ ಹುಳುಗಳು ಸಗಣಿಯನ್ನು ಬಿಟ್ಟಿಯಾಗಿಯೇ ನೆಲದೊಳಗೆ ಹೂಳುತ್ತಿವೆ. ಆದರೆ ದನದ ಜಂತುಹುಳುವಿಗೆ ಕೊಡುವ ಐವರ್ಮೆಕ್ಟಿನ್ ಔಷಧ ಸಗಣಿಯಲ್ಲಿ ಹೊರಬಂದು ಇವುಗಳ ಮರಿಗಳನ್ನೂ ಕೊಲ್ಲಬಲ್ಲದು.

ಗೆದ್ದಲು ಎಂದರೆ ಬಾಗಿಲು, ಕಿಟಕಿ ತಿನ್ನುವ ಶತ್ರು ಎಂದಷ್ಟೇ ನಮಗೆ ಗೊತ್ತು. ಪಶ್ಚಿಮ ಆಸ್ಟ್ರೇಲಿಯಾದ ಒಣ ಹೊಲದಲ್ಲಿ ನಡೆದ ಪ್ರಯೋಗವೊಂದರಲ್ಲಿ, ಇರುವೆ ಮತ್ತು ಗೆದ್ದಲು ಇದ್ದ ಕಡೆ ಗೋಧಿ ಇಳುವರಿ ಶೇ 36ರಷ್ಟು ಹೆಚ್ಚು ಬಂತು. ಅವು ಕೊರೆದ ಸುರಂಗದಲ್ಲಿ ಮಳೆನೀರು ಇಂಗಿತ್ತು, ಮಣ್ಣಿನಲ್ಲಿ ಸಾರಜನಕವೂ ಹೆಚ್ಚಿತ್ತು. ಮಲೆನಾಡಿನಲ್ಲಿ ಮೊದಲ ಮಳೆಗೆ ಹುತ್ತದ ಬಳಿ ಏಳುವ ಅಣಬೆಯೂ ಗೆದ್ದಲು ಗೂಡಿನೊಳಗೆ ಸಾಕುವ ಶಿಲೀಂಧ್ರದ್ದೇ. ಆ ಗೆದ್ದಲು ಹೋದರೆ ಅಣಬೆ ಸಾರೂ ಇಲ್ಲ.

ಕೀಟನಾಶಕ, ಕಾಂಕ್ರೀಟು, ರಾತ್ರಿಯಿಡೀ ಉರಿಯುವ ದೀಪ, ಏರುತ್ತಿರುವ ಬಿಸಿ ಎಲ್ಲವೂ ಈ ಇಳಿಕೆಗೆ ಕಾರಣ. ನಗರಗಳಲ್ಲಿ ಇನ್ನೊಂದಿದೆ: ಉದುರಿದ ಎಲೆಯನ್ನು ಗುಡಿಸಿ ಸುಡುವುದು. ಸುಟ್ಟರೆ ಎಲೆಯಲ್ಲಿದ್ದ ಸಾರಜನಕದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ, ಎಲೆಯಡಿ ಇದ್ದ ಹುಳುಗಳೂ ಬೇಯುತ್ತವೆ. ಅದೇ ಎಲೆಯನ್ನು ಮರದ ಬುಡಕ್ಕೇ ತಳ್ಳಿ ಬಿಡಲು ಒಂದು ಪೊರಕೆ ಸಾಕು.