ಹೆಣ್ಣು ಗೋಸುಂಬೆಯ ಮೈ ಓದಲು ಕಲಿತ ಬಗೆ

ಯೆಮನ್ ಗೋಸುಂಬೆಯ ಹೆಣ್ಣು ಗಂಡನ್ನು ಕಣ್ಣಿಂದ ನೋಡದಿದ್ದರೂ ಮೊಟ್ಟೆ ಇಡುತ್ತದೆ. ಆರು ತಿಂಗಳು ತುಂಬುವ ಹೊತ್ತಿಗೇ ಅದರ ಅಂಡಾಶಯ ಕೆಲಸ ಶುರುಮಾಡಿರಬಹುದು. ಈ ಒಂದು ಸಂಗತಿ ಗೊತ್ತಿಲ್ಲದೆ ಸತ್ತ ಸಾಕುಗೋಸುಂಬೆಗಳಿಗೆ ಲೆಕ್ಕವಿಲ್ಲ. ಹೊಟ್ಟೆ ಉಬ್ಬಿದೆ, ಹುಳ ಮುಟ್ಟುತ್ತಿಲ್ಲ, ಪಂಜರದ ತಳಕ್ಕಿಳಿದು ಮೂಲೆ ಕೆರೆಯುತ್ತಿದೆ ಎಂದರೆ ಸಾಕಿದವರು ಅಜೀರ್ಣವೆಂದು ಎರಡು ದಿನ ಕಾಯುತ್ತಾರೆ. ಒಂಟಿ ಹೆಣ್ಣಿಗೆ ಮೊಟ್ಟೆ ಎಲ್ಲಿಂದ ಬರಬೇಕು ಎಂಬುದೇ ಅವರ ಎಣಿಕೆ. ಆ ಎರಡು ದಿನ ಬಹಳ ದುಬಾರಿ.

ಗೋಸುಂಬೆಯ ಬಗ್ಗೆ ಮನುಷ್ಯನ ಕುತೂಹಲ ಹಳೆಯದು. ಅರಿಸ್ಟಾಟಲ್ ಅದರ ದೇಹರಚನೆಯನ್ನು ವರ್ಣಿಸಿದ್ದಾನೆ. ರೋಮಿನ ಪ್ಲಿನಿ ಅದು ಗಾಳಿಯನ್ನೇ ಉಂಡು ಬದುಕುತ್ತದೆ ಎಂದು ಬರೆದ ಮಾತು ಶತಮಾನಗಳ ಕಾಲ ಉಳಿಯಿತು. 1669ರಲ್ಲಿ ಪ್ಯಾರಿಸಿನ ಕ್ಲೋಡ್ ಪೆರೋ ಗೋಸುಂಬೆಯನ್ನು ಸೀಳಿ ನೋಡಿ ಅಂಗಾಂಗಗಳ ವಿವರ ಪ್ರಕಟಿಸಿದ. ಅದೇ ಊರಿನ ಲೇಖಕಿ ಮಾದ್ಲೆನ್ ದ ಸ್ಕುದೇರಿ ಅಲೆಕ್ಸಾಂಡ್ರಿಯಾದಿಂದ ಬಂದ ಗೋಸುಂಬೆಗಳನ್ನು ಮನೆಯಲ್ಲಿ ಸಾಕಿ, ದಿನದಿನವೂ ಗಮನಿಸಿ, 1688ರಲ್ಲಿ ಅವುಗಳ ಕಥೆ ಬರೆದಳು. ಪೆರೋ ಸತ್ತ ಪ್ರಾಣಿಯಿಂದ ಕಲಿತ, ಸ್ಕುದೇರಿ ಬದುಕಿದ್ದ ಪ್ರಾಣಿಯನ್ನು ನೋಡಿ ಕಲಿತಳು. ಈ ಕ್ಷೇತ್ರಕ್ಕೆ ಮುಂದೆ ಹೆಚ್ಚು ಬೇಕಾದದ್ದು ಅವಳ ದಾರಿಯೇ, ಆದರೆ ಅದು ಬಹುಕಾಲ ಪಾಳು ಬಿದ್ದಿತ್ತು.

ಇಪ್ಪತ್ತನೆಯ ಶತಮಾನದ ಸಾಕಣೆಯ ಚರಿತ್ರೆ ಹೆಚ್ಚಾಗಿ ಸಾವಿನ ಚರಿತ್ರೆ. ಆಫ್ರಿಕಾ ಮತ್ತು ಮಡಗಾಸ್ಕರಿನ ಕಾಡುಗಳಿಂದ ಹಿಡಿದು ತಂದ ಗೋಸುಂಬೆಗಳು ಪ್ರಯಾಣದಲ್ಲೇ ನೀರಿಲ್ಲದೆ ಬತ್ತುತ್ತಿದ್ದವು, ಹೊಟ್ಟೆಯ ತುಂಬ ಪರಾವಲಂಬಿ ಹುಳುಗಳನ್ನು ಹೊತ್ತು ಬರುತ್ತಿದ್ದವು. ಹಿಡಿಯುವಾಗಲೇ ಮೊಟ್ಟೆ ಕಟ್ಟಿದ್ದ ಹೆಣ್ಣುಗಳ ಗತಿಯಂತೂ ಹೇಳುವಂತಿಲ್ಲ. ಅಗೆಯಲು ಮಣ್ಣಿಲ್ಲದ ಪೆಟ್ಟಿಗೆಯಲ್ಲಿ ಅವು ಮೊಟ್ಟೆಯನ್ನು ತಡೆದುಕೊಂಡೇ ಸಾಯುತ್ತಿದ್ದವು. ಗೋಸುಂಬೆ ಸಾಕಲಾಗದ ಪ್ರಾಣಿ ಎಂಬ ಹೆಸರು ಅಂಟಿದ್ದು ಹೀಗೆ. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಸೈಟ್ಸ್ ಒಪ್ಪಂದದ ನಿಯಂತ್ರಣ 1970ರ ದಶಕದಲ್ಲೇ ಬಂದಿತ್ತು. 1995ರಲ್ಲಿ ಮಡಗಾಸ್ಕರಿನ ಗೋಸುಂಬೆಗಳ ಪೈಕಿ ನಾಲ್ಕು ಜಾತಿಗಳನ್ನು ಬಿಟ್ಟು ಉಳಿದವುಗಳ ವ್ಯಾಪಾರ ನಿಂತಿತು. ಆ ನಾಲ್ಕರಲ್ಲಿ ಪ್ಯಾಂಥರ್ ಗೋಸುಂಬೆಯೂ ಒಂದು. ಅದನ್ನೂ ಯೆಮನ್ ಗೋಸುಂಬೆಯನ್ನೂ ಪಂಜರದಲ್ಲೇ ಮರಿ ಮಾಡಿಸುವುದು ಬೆಳೆದಂತೆ ಮೊದಲ ಬಾರಿಗೆ ಹೆಣ್ಣಿನ ಆರೋಗ್ಯ ಎಲ್ಲರಿಗೂ ಮುಖ್ಯವಾಯಿತು. ಫ್ರೆಡ್ರಿಕ್ ಫ್ರೈ 1981ರಲ್ಲಿ, ಡಗ್ಲಸ್ ಮೇಡರ್ 1996ರಲ್ಲಿ ಹೊರತಂದ ಸರೀಸೃಪ ವೈದ್ಯದ ದೊಡ್ಡ ಗ್ರಂಥಗಳು, 1991ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸರೀಸೃಪ-ಉಭಯಜೀವಿ ಪಶುವೈದ್ಯರ ಸಂಘ ಇವೆಲ್ಲ ಈ ಅವಧಿಯವೇ.

ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು ಬಂದದ್ದು ಟೆಕ್ಸಾಸಿನಿಂದ. ಫೋರ್ಟ್ ವರ್ತ್‌ನ ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದಲ್ಲಿ ಗ್ಯಾರಿ ಫರ್ಗುಸನ್, ವಿಲಿಯಂ ಗೆಹ್ರ್‌ಮನ್ ಮತ್ತು ಸಂಗಡಿಗರು ಪ್ಯಾಂಥರ್ ಗೋಸುಂಬೆಗಳನ್ನು ಕೋಣೆಯೊಳಗೆ ಸಾಕಿ, ಆಹಾರದ ಎ ಮತ್ತು ಡಿ ವಿಟಮಿನ್ನು, ನೇರಳಾತೀತ ಬೆಳಕು ಇವು ಆಯಸ್ಸಿನ ಮೇಲೂ ಸಂತಾನದ ಮೇಲೂ ಏನು ಮಾಡುತ್ತವೆ ಎಂದು ಅಳೆದರು. 1996ರಲ್ಲಿ ಮೊದಲ ದೊಡ್ಡ ವರದಿ ಬಂತು. 2002ರ ವರದಿ ಹೆಣ್ಣುಗಳದ್ದೇ: ಯುವಿಬಿ ಎನ್ನುವ ನೇರಳಾತೀತ ಕಿರಣ ಸಾಕಷ್ಟು ಬೀಳದ ತಾಯಿ ಮೊಟ್ಟೆಯನ್ನೇನೋ ಇಡುತ್ತದೆ, ಆದರೆ ಅದರಿಂದ ಮರಿ ಹೊರಬರುವ ಸಾಧ್ಯತೆ ಕುಸಿಯುತ್ತದೆ. ಚರ್ಮದಲ್ಲಿ ಡಿ3 ವಿಟಮಿನ್ ತಯಾರಾಗದಿದ್ದರೆ ಕರುಳು ಸುಣ್ಣವನ್ನು (ಕ್ಯಾಲ್ಸಿಯಂ) ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆಗ ಚಿಪ್ಪಿಗೆ ಬೇಕಾದ ಸುಣ್ಣಕ್ಕಾಗಿ ದೇಹ ತಾಯಿಯ ಎಲುಬಿಗೇ ಕೈಹಾಕುತ್ತದೆ. ಸುಣ್ಣ ಕಡಿಮೆಯಾದ ಸ್ನಾಯುವಿಗೆ ಮೊಟ್ಟೆಯನ್ನು ಹೊರದೂಡುವ ಬಲವೂ ಉಳಿಯುವುದಿಲ್ಲ. ಎಲುಬಿನ ರೋಗ, ಮೊಟ್ಟೆ ಸಿಕ್ಕಿಕೊಳ್ಳುವುದು, ಮರಿ ಆಗದಿರುವುದು ಬೇರೆಬೇರೆ ಕಾಯಿಲೆಗಳೆಂದು ಕಾಣುತ್ತಿದ್ದವು. ಅವೆಲ್ಲ ಒಂದೇ ಬೇರಿನಿಂದ ಚಿಗುರಬಲ್ಲವು ಎಂಬುದು ಈಗ ಕಂಡಿತು.

ಅದೇ ತಂಡ 2003ರಲ್ಲಿ ತೋರಿಸಿದ್ದು ಇನ್ನೂ ಸೊಗಸಾದ ಸಂಗತಿ. ಆಹಾರದಲ್ಲಿ ಡಿ3 ಕಡಿಮೆಯಾದಾಗ ಗೋಸುಂಬೆ ತಾನಾಗಿಯೇ ಹೆಚ್ಚು ಹೊತ್ತು ನೇರಳಾತೀತ ಬೆಳಕಿಗೆ ಮೈಯೊಡ್ಡುತ್ತದೆ. ಸಾಕಷ್ಟಿದ್ದಾಗ ಸರಿದು ನಿಲ್ಲುತ್ತದೆ. ಪ್ರಾಣಿಗೆ ತನ್ನ ಅಗತ್ಯ ಗೊತ್ತು, ಪಂಜರದಲ್ಲಿ ಬಿಸಿಲೂ ನೆರಳೂ ಎರಡೂ ಇರುವಂತೆ ನೋಡಿಕೊಳ್ಳುವುದಷ್ಟೇ ನಮ್ಮ ಪಾಲು. ಮುಂದೆ ಬ್ರಿಟನ್ನಿನ ಪಶುವೈದ್ಯೆ ಫ್ರಾನ್ಸಿಸ್ ಬೇನ್ಸ್ ಮತ್ತು ಸಂಗಡಿಗರು ಯಾವ ಸರೀಸೃಪಕ್ಕೆ ಎಷ್ಟು ಯುವಿಬಿ ಬೇಕೆಂದು 2016ರಲ್ಲಿ ಪಟ್ಟಿ ಮಾಡಿದ್ದು ಫರ್ಗುಸನ್ ಹಾಕಿಕೊಟ್ಟ ವಲಯಗಳ ಮೇಲೆಯೇ.

ಬಣ್ಣದ ಅಧ್ಯಯನ ಬೇರೆ ಕಡೆಯಿಂದ ಬಂತು. ಗಂಡಿನ ಝಗಝಗಿಸುವ ಬಣ್ಣದ ಮೇಲೇ ಎಲ್ಲರ ಕಣ್ಣು ನೆಟ್ಟಿದ್ದಾಗ, ದಕ್ಷಿಣ ಸ್ಪೇನಿನಲ್ಲಿ ಮರಿಯಾನೊ ಕ್ವಾದ್ರಾದೊ ಅಲ್ಲಿನ ಸಾಮಾನ್ಯ ಗೋಸುಂಬೆಯ ಹೆಣ್ಣುಗಳನ್ನು ಗಮನಿಸಿದರು. ಹೆಣ್ಣಿನ ಮೈಬಣ್ಣ ಅದು ಕೂಡಲು ಸಿದ್ಧವೋ, ಮೊಟ್ಟೆ ಹೊತ್ತಿದೆಯೋ ಎಂದು ಗಂಡಿಗೆ ತಿಳಿಸುತ್ತದೆ ಎಂದು 2000ದಲ್ಲಿ ಪ್ರಯೋಗದಿಂದಲೇ ತೋರಿಸಿದರು. ಸಾಕುವವರು ಇದನ್ನು ತಮ್ಮ ಅನುಭವದಿಂದ ಆಗಲೇ ಅರಿತಿದ್ದರು: ಯೆಮನ್ ಗೋಸುಂಬೆ ಮೊಟ್ಟೆ ಹೊತ್ತಾಗ ಕಡುಹಸಿರು, ಕೆಲವೊಮ್ಮೆ ಕಪ್ಪಿಗೇ ತಿರುಗಿ, ಮೈಮೇಲೆ ನೀಲಿ, ಹಳದಿ ಚುಕ್ಕೆಗಳು ಎದ್ದು ಕಾಣುತ್ತವೆ. ಪ್ಯಾಂಥರ್ ಹೆಣ್ಣು ತಿಳಿಗುಲಾಬಿ ಕಳೆದುಕೊಂಡು ಕಂದುಗಪ್ಪಾಗಿ, ಅದರ ಮೇಲೆ ಕಿತ್ತಳೆ ಪಟ್ಟೆ ಮೂಡುತ್ತದೆ. ಎದುರಿಗೆ ಗಂಡು ಬಂದರೆ ಬಾಯಿ ತೆರೆದು ಬುಸುಗುಟ್ಟಿ ತೂಗಾಡುತ್ತದೆ. ಆದರೆ ಬಣ್ಣವೊಂದನ್ನೇ ನಂಬಬಾರದು. ಗಂಡನ್ನು ಕಾಣದೆ ಮೊಟ್ಟೆ ಕಟ್ಟಿದ ಹೆಣ್ಣಿನಲ್ಲಿ ಈ ಬದಲಾವಣೆ ಮಂದವಾಗಿರಬಹುದು. ಚಳಿ, ಭಯ, ರೋಗದಲ್ಲೂ ಮೈ ಕಪ್ಪಾಗುತ್ತದೆ.

ಹಾಗಾದರೆ ನಂಬಬೇಕಾದದ್ದು ಯಾವುದನ್ನು? ಹಲವು ಗುರುತುಗಳ ಸಾಲನ್ನು ಮತ್ತು ಅವು ಬರುವ ಕ್ರಮವನ್ನು. ಮೊದಲು ಹಸಿವು, ಬಾಯಾರಿಕೆ ಏರುತ್ತವೆ, ತೂಕ ಸರಸರನೆ ಹೆಚ್ಚುತ್ತದೆ. ಹೊಟ್ಟೆ ಪಕ್ಕಕ್ಕೆ ಹರಡಿ, ಕೊನೆಗೆ ಚರ್ಮದಡಿ ಮಣಿಗಳಂತೆ ಉಬ್ಬು ಕಾಣುತ್ತದೆ. ಆಮೇಲೆ ಒಮ್ಮೆಗೇ ಊಟ ನಿಲ್ಲುತ್ತದೆ. ಮರ ಬಿಟ್ಟಿಳಿಯದ ಪ್ರಾಣಿ ತಳದಲ್ಲಿ ಅತ್ತಿಂದಿತ್ತ ಓಡಾಡುತ್ತದೆ, ಪಂಜರದ ಬಲೆ ಹತ್ತುತ್ತದೆ, ಕೆರೆಯುತ್ತದೆ. ಇಷ್ಟು ಸಹಜ. ಆಗ ಬೇಕಾದದ್ದು ಒಂದಡಿಯಷ್ಟು ಆಳದ, ಒದ್ದೆ ಮರಳು ಮಣ್ಣು ತುಂಬಿದ ತೊಟ್ಟಿ. ತೋಡಿದ ಸುರಂಗ ಕುಸಿಯದಷ್ಟು ಹದ. ಇನ್ನೊಂದು ಬೇಕಾದದ್ದು ಏಕಾಂತ. ಯಾರೋ ನೋಡುತ್ತಿದ್ದಾರೆಂದು ಕಂಡರೆ ಹೆಣ್ಣು ಅರ್ಧ ತೋಡಿದ ಗುಂಡಿಯನ್ನೇ ಬಿಟ್ಟು ಹೋಗುತ್ತದೆ, ಹಾಗಾಗಿ ತೊಟ್ಟಿಯ ಸುತ್ತ ಬಟ್ಟೆ ಕಟ್ಟುವುದು ರೂಢಿ. ಫೋಟೊ ತೆಗೆಯುವ ಆಸೆಯನ್ನು ಆ ಹೊತ್ತಿನಲ್ಲಿ ಬಿಡಲೇಬೇಕು.

ಸಹಜ ಎಲ್ಲಿ ಮುಗಿದು ಅಪಾಯ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಅತ್ಯಂತ ಸ್ಪಷ್ಟ ಗುರುತು ಕಣ್ಣು. ಆರೋಗ್ಯವಂತ ಗೋಸುಂಬೆ ಹಗಲಲ್ಲಿ ಕಣ್ಣು ಮುಚ್ಚಿ ಕೂರುವುದಿಲ್ಲ. ಊಟ ಬಿಟ್ಟರೂ ಚುರುಕಾಗಿ ಅಗೆಯುವ ಹೆಣ್ಣಿಗೆ ಕಾಲಾವಕಾಶ ಕೊಡಬಹುದು. ಕಣ್ಣು ಮುಚ್ಚಿದ್ದರೆ, ಗುಳಿಬಿದ್ದಿದ್ದರೆ, ಕೊಂಬೆಯ ಹಿಡಿತ ಸಡಿಲವಾಗಿದ್ದರೆ, ತಿಣುಕಿದರೂ ಮೊಟ್ಟೆ ಬರದಿದ್ದರೆ, ಎರಡು ಮೂರು ಮೊಟ್ಟೆ ಇಟ್ಟು ನಿಂತರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಬಾಗಿದ ಕೈಕಾಲು, ಮೆತ್ತಗಾದ ದವಡೆ, ಗುರಿ ಮುಟ್ಟದ ನಾಲಗೆ ಸುಣ್ಣದ ಕೊರತೆ ಹೇಳುತ್ತವೆ. ಹಿಕ್ಕೆಯ ಜೊತೆ ಬರುವ ಬಿಳಿಭಾಗ ಕಿತ್ತಳೆಯಾದರೆ ನೀರು ಸಾಲದು. ಬಾಯಿ ತೆರೆದು ತಲೆ ಎತ್ತಿ ಉಸಿರೆಳೆಯುವುದು ಶ್ವಾಸಕೋಶದ ಸೋಂಕಿರಬಹುದು. ಕತ್ತಿನ ಸುತ್ತ ನೀರು ತುಂಬಿದಂತೆ ಉಬ್ಬಿದರೆ ವಿಟಮಿನ್ ಪುಡಿಯನ್ನು ಅತಿಯಾಗಿ ಹಾಕಿದ್ದೂ ಕಾರಣವಾಗಬಹುದು.

ವೈದ್ಯರಿಗೂ ಇದು ಸುಲಭವಲ್ಲ. ಮೊಟ್ಟೆ ಸಿಕ್ಕಿಕೊಳ್ಳುವುದು ಎಂದು ನಾವು ಹೇಳುವುದರಲ್ಲಿ ಎರಡು ಬೇರೆ ರೋಗಗಳಿವೆ. ಒಂದರಲ್ಲಿ ಚಿಪ್ಪು ಕಟ್ಟಿದ ಮೊಟ್ಟೆ ಅಂಡನಾಳದಲ್ಲಿ ನಿಂತಿರುತ್ತದೆ, ಎಕ್ಸ್‌ರೇಯಲ್ಲಿ ಕಾಣುತ್ತದೆ. ಇನ್ನೊಂದರಲ್ಲಿ ಹಳದಿ ಗುಂಡುಗಳು ಅಂಡಾಶಯದಿಂದ ಬಿಡುಗಡೆಯೇ ಆಗದೆ ಅಲ್ಲೇ ಕೊಳೆಯತೊಡಗುತ್ತವೆ. ಇದಕ್ಕೆ ಅಲ್ಟ್ರಾಸೌಂಡ್ ಬೇಕು, ಅಗೆಯಲು ತೊಟ್ಟಿ ಕೊಟ್ಟು ಕಾದರೂ ಪ್ರಯೋಜನವಿಲ್ಲ. ಮಾಯಾ ಕುಮ್ರೋ ಮತ್ತು ಟೊರಾಂಟೊ ಮೃಗಾಲಯದ ಸಹೋದ್ಯೋಗಿಗಳು 2010ರಲ್ಲಿ ಯೆಮನ್ ಗೋಸುಂಬೆಯ ಹಿಕ್ಕೆಯಲ್ಲಿ ಹಾರ್ಮೋನು ಅಳೆದು ಅಂಡ ಬಿಡುಗಡೆಯಾದ ಚಕ್ರವನ್ನೂ ಆಗದ ಚಕ್ರವನ್ನೂ ದಾಖಲಿಸಿದರು. ಪ್ರಾಣಿಯನ್ನು ಮುಟ್ಟದೆಯೇ ಒಳಗಿನ ಸಂಗತಿ ತಿಳಿಯುವ ಈ ದಾರಿ ಸಣ್ಣ ವಿಷಯವಲ್ಲ, ಏಕೆಂದರೆ ಕೈಯಲ್ಲಿ ಹಿಡಿಯುವುದೇ ಗೋಸುಂಬೆಗೆ ದೊಡ್ಡ ಹಿಂಸೆ. ಚಿಕಿತ್ಸೆಯಲ್ಲಿ ಮೊದಲು ದ್ರವ, ಸುಣ್ಣ, ಬೆಚ್ಚಗಿನ ವಾತಾವರಣ, ಆಮೇಲೆ ಮೊಟ್ಟೆಯನ್ನು ಹೊರದೂಡಿಸುವ ಆಕ್ಸಿಟೋಸಿನ್ ಹಾರ್ಮೋನು (ಅದು ಹಲ್ಲಿಜಾತಿಯಲ್ಲಿ ಯಾವಾಗಲೂ ಕೆಲಸ ಮಾಡುವುದಿಲ್ಲ), ಕೊನೆಗೆ ಶಸ್ತ್ರಕ್ರಿಯೆ.

ಈಗಿನ ಒಲವು ಇನ್ನೂ ಹಿಂದಕ್ಕೆ ಹೋಗಿ ತಡೆಯುವುದು. ಹೊಟ್ಟೆ ಬಿರಿಯೆ ತಿನ್ನಿಸಿ, ಹೆಚ್ಚು ಕಾವಿನಲ್ಲಿಟ್ಟ ಯೆಮನ್ ಹೆಣ್ಣು ಒಂದೇ ಸಲ 60, 70 ಮೊಟ್ಟೆ ಇಟ್ಟು ಬಸವಳಿಯುತ್ತದೆ. ಬೆಳೆದ ಹೆಣ್ಣಿಗೆ ದಿನ ಬಿಟ್ಟು ದಿನ ನಾಲ್ಕಾರು ಹುಳು, ತುಸು ತಂಪು ಕೊಟ್ಟರೆ ಮೊಟ್ಟೆಗಳ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ, ಕೆಲವು ಹೆಣ್ಣುಗಳು ಮೊಟ್ಟೆಯನ್ನೇ ಕಟ್ಟುವುದಿಲ್ಲ ಎಂದು ಅನುಭವಸ್ಥರು ಹೇಳುತ್ತಾರೆ. ಪ್ರೀತಿ ಎಂದರೆ ತಟ್ಟೆ ತುಂಬಿಸುವುದು ಎಂದು ನಂಬಿದ ಮನಸ್ಸಿಗೆ ಇದು ಕಷ್ಟ, ಆದರೆ ಹೆಣ್ಣು ಗೋಸುಂಬೆಗೆ ಮಿತವೇ ಹಿತ. ಅಂಡಾಶಯವನ್ನು ಮುಂಚೆಯೇ ತೆಗೆದುಹಾಕುವ ವೈದ್ಯರೂ ಇದ್ದಾರೆ. ಆರೋಗ್ಯವಂತ ಪ್ರಾಣಿಗೆ ಅರಿವಳಿಕೆಯ ಅಪಾಯ ತಂದೊಡ್ಡುವ ಮೊದಲು ಊಟ, ಕಾವು, ಬೆಳಕನ್ನು ಸರಿಮಾಡಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಮೊಟ್ಟೆ ಇಡದೆ ಮರಿಯನ್ನೇ ಹೆರುವ ಕೀನ್ಯಾದ ಜಾಕ್ಸನ್ ಗೋಸುಂಬೆಗೆ ಈ ಲೆಕ್ಕಾಚಾರ ಹಾಗೇ ಹೊಂದುವುದಿಲ್ಲ. ಅದು ಹಲವು ತಿಂಗಳ ಕಾಲ ಬಸಿರು ಹೊರುತ್ತದೆ.

ನಮ್ಮ ಬಯಲುಸೀಮೆಯ ಗೋಸುಂಬೆಯ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಸಾಕುವುದು ಅಪರಾಧ. ವಿದೇಶಿ ಜಾತಿಗಳನ್ನು ಇಟ್ಟುಕೊಂಡವರೂ 2022ರ ತಿದ್ದುಪಡಿಯ ನಂತರ ಸರ್ಕಾರದಲ್ಲಿ ನೋಂದಾಯಿಸಬೇಕು. ಆದರೆ ಹೆಣ್ಣಿನ ಮೈ ಓದುವ ಈ ತಿಳಿವಳಿಕೆ ಹೊಲದ ಬದುವಿನಲ್ಲೂ ಉಪಯೋಗಕ್ಕೆ ಬರುತ್ತದೆ. ಹೊಟ್ಟೆ ದಪ್ಪಗಿರುವ ಗೋಸುಂಬೆಯೊಂದು ಪೊದೆಯಿಂದಿಳಿದು ರಸ್ತೆ ದಾಟುತ್ತಿದ್ದರೆ ಅದು ಮೊಟ್ಟೆಗೆ ಮಣ್ಣು ಹುಡುಕುತ್ತಿರುವ ಹೆಣ್ಣಾಗಿರಬಹುದು. ಗಾಡಿ ನಿಲ್ಲಿಸಿ, ಅದು ಹೊರಟ ದಿಕ್ಕಿಗೇ ದಾಟಲು ಬಿಡಬೇಕು. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಕಾಪಾಡುತ್ತೇವೆಂದು ಮನೆಗೊಯ್ದು ಡಬ್ಬಿಯಲ್ಲಿಟ್ಟರೆ ಅದಕ್ಕೆ ಅಗೆಯಲು ನೆಲವೇ ಇರುವುದಿಲ್ಲ.